ಉಸಿರಿನ ಅಳತೆಗೂ ಮುದ್ರೆ ಬೇಕು

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಪ್ರಾಂಗಣದಲ್ಲಿ ಮೆಣಸಿನಕಾಯಿ ತೂಗುವ ವರ್ತಕರಿಗಾಗಲಿ, ದುರ್ಗದಬೈಲಿನಲ್ಲಿ ಬೆಳ್ಳಿ ಬಂಗಾರ ತೂಗುವ ಸರಾಫರಿಗಾಗಲಿ ತೂಕದ ಕಾನೂನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯು 2011ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ನಿಯಮಗಳ ಪ್ರಕಾರ ತೂಕದ ಬಟ್ಟುಗಳನ್ನೂ ದಂಡದ ತಕ್ಕಡಿಗಳನ್ನೂ 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ತೂಕದ ಯಂತ್ರಗಳನ್ನು 12 ತಿಂಗಳಿಗೊಮ್ಮೆ ಪರೀಕ್ಷೆಗೆ ಒಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯ ಅವಧಿ ಮೀರಿದ ತಕ್ಕಡಿ ಅಂಗಡಿಯಲ್ಲಿ ಕಂಡುಬಂದರೆ ದಂಡ ತಪ್ಪಿದ್ದಲ್ಲ. ಈ ವ್ಯವಸ್ಥೆ ನಡೆಯುವ ರೀತಿಯ ಬಗೆಗೆ ವರ್ತಕರಲ್ಲಿ ಗೊಣಗಾಟ ಇರಬಹುದು. ಆದರೆ ಅದರ ಹಿಂದಿರುವ ತತ್ವವನ್ನು ಯಾವ ಪ್ರಾಮಾಣಿಕ ವರ್ತಕನೂ ಅಲ್ಲಗಳೆಯಲಾರ. ಅಳೆಯುವವನ ಮಾತಿನ ಮೇಲಷ್ಟೇ ಅಳತೆ ನಿಲ್ಲಬಾರದು. ಮೂರನೆಯವರೊಬ್ಬರು ಅದನ್ನು ಪ್ರಮಾಣ ಮಾಪಕದೊಡನೆ ಹೋಲಿಸಿ ನೋಡಿರಬೇಕು ಎಂಬುದೇ ಆ ತತ್ವ.

ಇದೇ ಅವಳಿ ನಗರದ ಆಸ್ಪತ್ರೆಗಳಲ್ಲಿ ಮತ್ತೊಂದು ಬಗೆಯ ಅಳತೆ ಹಗಲಿರುಳೆನ್ನದೆ ನಡೆಯುತ್ತಿರುತ್ತದೆ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಎಂದು ಆರಂಭವಾಗಿ ಕಿಮ್ಸ್ ಎಂಬ ಹೆಸರಿನಿಂದ ಜನಜನಿತವಾದ ಸರಕಾರಿ ಆಸ್ಪತ್ರೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಹಾಗೂ ಅನೇಕ ಖಾಸಗಿ ಆಸ್ಪತ್ರೆಗಳಿಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡ ಜಿಲ್ಲೆಗಳಿಂದಲೂ ಮಕ್ಕಳನ್ನು ಕರೆತರುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಾಗಲಿ, ನ್ಯುಮೋನಿಯಾದಿಂದ ಬಳಲಿದ ಎರಡು ವರ್ಷದ ಕೂಸಾಗಲಿ, ತಾನಾಗಿ ಉಸಿರಾಡಲಾರದ ಸ್ಥಿತಿ ತಲುಪಿದಾಗ ವೆಂಟಿಲೇಟರ್ ಎಂಬ ಯಂತ್ರವೇ ಅದಕ್ಕೆ ಉಸಿರನ್ನು ಅಳೆದು ಕೊಡುತ್ತದೆ. ಪರದೆಯ ಮೇಲೆ ಇಷ್ಟು ಮಿಲಿಲೀಟರ್ ಎಂಬ ಅಂಕಿ ಮೂಡುತ್ತದೆ. ಆ ಅಂಕಿ ನಿಜವೇ? ಅದನ್ನು ಕೊನೆಯ ಬಾರಿಗೆ ಯಾರು, ಎಂದು, ಯಾವ ಮಾಪಕದೊಡನೆ ಹೋಲಿಸಿ ನೋಡಿದರು?

ಇದು ವೈದ್ಯರು ಕೇಳಬೇಕಾದ ಪ್ರಶ್ನೆ, ವರ್ತಕರಿಗೆ ಇದರಿಂದೇನು ಎಂದು ಅನ್ನಿಸುವುದು ಸಹಜ. ಆದರೆ ಆಸ್ಪತ್ರೆಗಳ ಟ್ರಸ್ಟುಗಳಲ್ಲಿ ಧರ್ಮದರ್ಶಿಗಳಾಗಿ ಕುಳಿತಿರುವವರಲ್ಲಿ ವ್ಯಾಪಾರಸ್ಥರೇ ಅನೇಕರು. ತಂದೆತಾಯಿಯ ಸ್ಮರಣಾರ್ಥ ಯಂತ್ರಗಳನ್ನು ದಾನ ಕೊಡುವವರೂ ಅವರೇ. ಕವಾಟ, ಕೊಳವೆ, ವಿದ್ಯುನ್ಮಾನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕೈಗಾರಿಕೆಗಳೂ ಇಲ್ಲಿವೆ. ಎಲ್ಲಕ್ಕಿಂತ ಮಿಗಿಲಾಗಿ, ಅಳತೆಯ ಸತ್ಯಾಸತ್ಯತೆ ಎಂದರೇನೆಂಬುದನ್ನು ವರ್ತಕ ಸಮುದಾಯದಷ್ಟು ಚೆನ್ನಾಗಿ ಬಲ್ಲವರು ವಿರಳ.

ಚಮಚದಷ್ಟು ಉಸಿರು

ಒಂದು ಉಸಿರಿನಲ್ಲಿ ಒಳಹೋಗುವ ಗಾಳಿಯ ಪ್ರಮಾಣವನ್ನು ದೇಹದ ತೂಕಕ್ಕೆ ತಕ್ಕಂತೆ ನಿಗದಿಪಡಿಸುವುದು ವೈದ್ಯಕೀಯ ಪದ್ಧತಿ. ರೋಗ ಮತ್ತು ವಯಸ್ಸಿಗೆ ಅನುಸಾರವಾಗಿ ಇದು ಬದಲಾಗುತ್ತದೆಯಾದರೂ, ಸ್ಥೂಲವಾಗಿ ನವಜಾತ ಶಿಶುಗಳಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ 4ರಿಂದ 6 ಮಿಲಿಲೀಟರ್, ದೊಡ್ಡ ಮಕ್ಕಳಿಗೆ ಹಾಗೂ ವಯಸ್ಕರಿಗೆ 6ರಿಂದ 8 ಮಿಲಿಲೀಟರ್ ಎಂದು ಇಟ್ಟುಕೊಳ್ಳಬಹುದು. ಹಾಗಾದರೆ 60 ಕಿಲೋ ತೂಕದ ವಯಸ್ಕನ ಒಂದು ಉಸಿರು ಕನಿಷ್ಠ 360 ಮಿಲಿಲೀಟರ್. 10 ಕಿಲೋ ತೂಗುವ ಮಗುವಿನದು 60 ಮಿಲಿಲೀಟರ್. 3 ಕಿಲೋ ತೂಕದ ನವಜಾತ ಶಿಶುವಿನದು ಸುಮಾರು 15 ಮಿಲಿಲೀಟರ್. 1 ಕಿಲೋ ತೂಕದ ಅವಧಿಪೂರ್ವ ಶಿಶುವಿನದು 5 ಮಿಲಿಲೀಟರ್, ಅಂದರೆ ಔಷಧ ಕುಡಿಸುವ ಒಂದು ಸಣ್ಣ ಚಮಚದಷ್ಟು.

ಈಗ ಯಂತ್ರದ ದೋಷವನ್ನು ಲೆಕ್ಕ ಹಾಕೋಣ. ಉದಾಹರಣೆಗೆ, ಒಂದು ಯಂತ್ರ 10 ಮಿಲಿಲೀಟರಿನಷ್ಟು ಹೆಚ್ಚುಕಡಿಮೆ ಅಳೆಯುತ್ತದೆ ಎಂದು ಭಾವಿಸಿದರೆ, ವಯಸ್ಕನ ಪಾಲಿಗೆ ಆ ದೋಷ ಶೇಕಡಾ 3ಕ್ಕಿಂತ ಕಡಿಮೆ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 10 ಕಿಲೋ ತೂಕದ ಮಗುವಿಗೆ ಅದು ಶೇಕಡಾ 16ರಿಂದ 17. ನವಜಾತ ಶಿಶುವಿಗೆ ಶೇಕಡಾ 66ರಿಂದ 67. ಅವಧಿಪೂರ್ವ ಶಿಶುವಿನ ಪಾಲಿಗಂತೂ ದೋಷವೇ ಉಸಿರಿನ ಎರಡರಷ್ಟು. ಯಂತ್ರ ಅದೇ, ದೋಷವೂ ಅದೇ. ಬದಲಾದದ್ದು ತೂಗುವ ವಸ್ತು ಮಾತ್ರ. ಲಾರಿ ತೂಗುವ ವೇಬ್ರಿಡ್ಜ್ 10 ಕಿಲೋ ಹೆಚ್ಚುಕಡಿಮೆ ತೋರಿಸಿದರೆ ವ್ಯಾಪಾರ ನಿಲ್ಲುವುದಿಲ್ಲ. ಆದರೆ ಅದೇ ವೇಬ್ರಿಡ್ಜಿನ ಮೇಲೆ ಯಾವ ಸರಾಫನೂ ಮಾಂಗಲ್ಯದ ಸರವನ್ನು ತೂಗುವುದಿಲ್ಲ.

ವೆಂಟಿಲೇಟರುಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 80601-2-12, ಯಂತ್ರ ಎಷ್ಟರಮಟ್ಟಿಗೆ ನಿಖರ ಎಂಬುದನ್ನು ತಯಾರಕರು ಘೋಷಿಸಬೇಕೆಂದು ವಿಧಿಸುತ್ತದೆ. ಈ ಘೋಷಣೆ ಎರಡು ಭಾಗಗಳಲ್ಲಿರುತ್ತದೆ: ಇಷ್ಟು ಮಿಲಿಲೀಟರ್ ಮತ್ತು ಅದರ ಜೊತೆಗೆ ಕೊಟ್ಟ ಪ್ರಮಾಣದ ಶೇಕಡಾ ಇಷ್ಟು. ಖರೀದಿ ಸಮಿತಿಗಳ ಕಣ್ಣು ಸಾಮಾನ್ಯವಾಗಿ ಶೇಕಡಾವಾರಿನ ಮೇಲೆ ನಿಲ್ಲುತ್ತದೆ. ಮಕ್ಕಳ ಪಾಲಿಗೆ ನಿರ್ಣಾಯಕವಾದದ್ದು ಮೊದಲನೆಯ ಭಾಗ. ಬ್ಯಾಂಕಿನ ಸಾಲದಲ್ಲಿ ಬಡ್ಡಿಯ ದರವನ್ನಷ್ಟೇ ನೋಡಿ ಪ್ರತಿ ಸಾಲಕ್ಕೂ ತಗಲುವ ನಿಗದಿತ ಶುಲ್ಕವನ್ನು ಮರೆತಂತೆ ಇದು. ದೊಡ್ಡ ಸಾಲಕ್ಕೆ ಆ ಶುಲ್ಕ ಲೆಕ್ಕಕ್ಕಿಲ್ಲ; ಸಣ್ಣ ಸಾಲವನ್ನು ಅದೇ ನುಂಗಿಬಿಡುತ್ತದೆ.

ರವಾನೆಯ ತೂಕ, ತಲುಪಿದ ತೂಕ

ಯಂತ್ರ ಸರಿಯಾಗಿಯೇ ಅಳೆದು ಕಳಿಸಿದರೂ ಅಷ್ಟೂ ಗಾಳಿ ಮಗುವಿಗೆ ತಲುಪುತ್ತದೆಂಬ ಭರವಸೆಯಿಲ್ಲ. ಗೋದಾಮಿನಿಂದ ಹೊರಟ ಮಾಲಿಗೂ ಗಿರಾಕಿಯ ಅಂಗಳದಲ್ಲಿ ಇಳಿದ ಮಾಲಿಗೂ ವ್ಯತ್ಯಾಸ ಬೀಳುವುದನ್ನು ವರ್ತಕರು ದಿನವೂ ಕಾಣುತ್ತಾರೆ. ವೆಂಟಿಲೇಟರಿನಲ್ಲಿಯೂ ಹಾಗೆಯೇ.

ಯಂತ್ರದಿಂದ ಮಗುವಿನವರೆಗೆ ಹೋಗುವ ಪ್ಲಾಸ್ಟಿಕ್ ಕೊಳವೆಗಳು ಒತ್ತಡಕ್ಕೆ ಸ್ವಲ್ಪ ಹಿಗ್ಗುತ್ತವೆ. ಒಳಗಿರುವ ಗಾಳಿ ಕುಗ್ಗುತ್ತದೆ. ಹೀಗೆ ಒಂದಿಷ್ಟು ಗಾಳಿ ಕೊಳವೆಯಲ್ಲಿಯೇ ಉಳಿದು ಬಿಡುತ್ತದೆ. ಒತ್ತಡವನ್ನು ನೀರಿನ ಸೆಂಟಿಮೀಟರ್‌ಗಳಲ್ಲಿ ಅಳೆಯುವುದು ರೂಢಿ. ಪ್ರತಿ ಸೆಂಟಿಮೀಟರ್ ಒತ್ತಡಕ್ಕೆ 2 ಮಿಲಿಲೀಟರ್ ಹಿಡಿದಿಟ್ಟುಕೊಳ್ಳುವ ಕೊಳವೆಯಲ್ಲಿ 20 ಸೆಂಟಿಮೀಟರ್ ಒತ್ತಡಕ್ಕೆ 40 ಮಿಲಿಲೀಟರ್ ಗಾಳಿ ಉಳಿಯುತ್ತದೆ. ವಯಸ್ಕನಿಗೆ 400 ಮಿಲಿಲೀಟರ್ ಕಳಿಸಿದರೆ 360 ತಲುಪೀತು. 10 ಕಿಲೋ ತೂಕದ ಮಗುವಿಗೆ ಅದೇ ಕೊಳವೆಯಲ್ಲಿ 60 ಕಳಿಸಿದರೆ ತಲುಪುವುದು 20 ಮಾತ್ರ. ಮಕ್ಕಳಿಗೆಂದೇ ತಯಾರಾದ ಸಪೂರ ಕೊಳವೆಗಳನ್ನು ಬಳಸುವುದು ಇದೇ ಕಾರಣಕ್ಕೆ. ಆಧುನಿಕ ಯಂತ್ರಗಳು ಆರಂಭದಲ್ಲಿ ಕೊಳವೆಯ ಪರೀಕ್ಷೆ ನಡೆಸಿ ಈ ನಷ್ಟವನ್ನು ತಾವಾಗಿಯೇ ತುಂಬಿಕೊಡುತ್ತವೆ. ಆದರೆ ನಡುವೆ ಕೊಳವೆ ಬದಲಾಯಿಸಿ, ಅವಸರದಲ್ಲಿ ಆ ಪರೀಕ್ಷೆಯನ್ನು ಬಿಟ್ಟರೆ, ಯಂತ್ರ ಹಳೆಯ ಕೊಳವೆಯ ಲೆಕ್ಕವನ್ನೇ ಹೊಸ ಕೊಳವೆಗೂ ಹಿಡಿಯುತ್ತದೆ.

ಎರಡನೆಯದು ಸೋರಿಕೆ. ಮಗುವಿನ ಶ್ವಾಸನಾಳಕ್ಕೆ ಇಳಿಸಿದ ನಳಿಕೆಯ ಸುತ್ತ ಗಾಳಿ ಸೋರಿದರೆ ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ತಾಳೆಯಾಗುವುದಿಲ್ಲ. ಮೂರನೆಯದು ಉಷ್ಣತೆ ಮತ್ತು ತೇವ. ಯಂತ್ರದಿಂದ ಹೊರಡುವ ಒಣ ತಂಪು ಗಾಳಿ ದೇಹದ 37 ಡಿಗ್ರಿ ಉಷ್ಣತೆಗೆ ಬಂದು ತೇವ ಹೀರಿಕೊಂಡಾಗ ಅದರ ಗಾತ್ರ ಸುಮಾರು ಹತ್ತನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಹತ್ತಿಯ ತೂಕದಲ್ಲಿ ತೇವಾಂಶದ ವಜಾ ಎಷ್ಟೆಂದು ಮೊದಲೇ ಮಾತಾಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲಕ್ಕೂ ಪರಿಹಾರ ತಿಳಿಯದ್ದೇನಲ್ಲ. ಯಂತ್ರದ ಬಳಿ ಅಳೆಯುವುದರ ಬದಲು ಮಗುವಿನ ಬಾಯಿಯ ಬಳಿ, ನಳಿಕೆಯ ತುದಿಯಲ್ಲಿ, ಒಂದು ಪುಟ್ಟ ಹರಿವು ಸಂವೇದಕವನ್ನು ಇರಿಸಿ ಅಳೆಯುವುದೇ ಆ ಪರಿಹಾರ. ಶಿಶುಗಳ ಉಸಿರನ್ನು ನಳಿಕೆಯ ತುದಿಯಲ್ಲಿಯೇ ಅಳೆಯಬೇಕೆಂದು 2000ದಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಪ್ರಮುಖ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಅಧ್ಯಯನ ಪ್ರತಿಪಾದಿಸಿತು. ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ಯಂತ್ರ ತೋರಿಸುವ ಅಂಕಿಯನ್ನು ಹಾಗೆಯೇ ನಂಬಲಾಗದು ಎಂಬುದನ್ನು 2002ರ ಮತ್ತೊಂದು ಅಧ್ಯಯನವೂ ದೃಢಪಡಿಸಿತು. ಅಂದರೆ ವ್ಯಾಪಾರದ ಭಾಷೆಯಲ್ಲಿ, ರವಾನೆಯ ತೂಕವನ್ನು ಬಿಟ್ಟು ತಲುಪಿದ ತೂಕದ ಮೇಲೆ ಲೆಕ್ಕ ಚುಕ್ತಾ ಮಾಡುವುದು. ಆದರೆ ಈ ಸಂವೇದಕ ಸೂಕ್ಷ್ಮವಾದದ್ದು. ತೇವ, ಕಫ ತಗುಲಿದರೆ ಅದರ ಅಳತೆ ಕೆಡುತ್ತದೆ. ಆಗಾಗ ಬದಲಾಯಿಸಬೇಕು, ಪ್ರತಿ ಬಾರಿಯೂ ಹೊಂದಿಸಬೇಕು. ಅದು ಖರ್ಚಿನ ಬಾಬತ್ತು. ಖರ್ಚು ಎಂದೊಡನೆ ಅದು ಬಜೆಟ್ಟಿನಿಂದ ಹೊರಬೀಳುವ ಮೊದಲ ಸಾಮಗ್ರಿಯಾಗುವ ಅಪಾಯವೂ ಇದೆ.

ಲೆಕ್ಕ ತಪ್ಪಿದರೆ ಆಗುವ ಹಾನಿ

ಉಸಿರು ಕಡಿಮೆಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಶ್ವಾಸಕೋಶದ ಭಾಗಗಳು ಮುದುಡಿಕೊಳ್ಳುತ್ತವೆ. ಹೆಚ್ಚಾದರೆ ಎಳೆಯ ಶ್ವಾಸಕೋಶ ಹಿಗ್ಗಿ ಘಾಸಿಗೊಳ್ಳುತ್ತದೆ. ಕೆಲವೊಮ್ಮೆ ಹರಿದು ಎದೆಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಪ್ರಮಾಣದ ವ್ಯತ್ಯಾಸ ಪ್ರಾಣದ ವ್ಯತ್ಯಾಸವೂ ಆಗಬಹುದೆಂಬುದಕ್ಕೆ ಪುರಾವೆಯಿದೆ. ಅಮೆರಿಕದಲ್ಲಿ ತೀವ್ರ ಶ್ವಾಸಕೋಶ ಹಾನಿಗೊಳಗಾದ 861 ವಯಸ್ಕ ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಲೋಗೆ 12 ಮಿಲಿಲೀಟರ್ ಆಧಾರದಲ್ಲಿ ಉಸಿರು ನೀಡಿದ ಗುಂಪಿನಲ್ಲಿ ಶೇಕಡಾ 39.8ರಷ್ಟು ಮರಣ ಸಂಭವಿಸಿದರೆ, 6 ಮಿಲಿಲೀಟರ್ ಆಧಾರದಲ್ಲಿ ನೀಡಿದ ಗುಂಪಿನಲ್ಲಿ ಅದು ಶೇಕಡಾ 31ಕ್ಕೆ ಇಳಿಯಿತು. ನವಜಾತ ಶಿಶುಗಳ ವಿಷಯದಲ್ಲಿ 2017ರ ಕೊಕ್ರೇನ್ ಪರಿಶೀಲನೆಯು, ಒತ್ತಡವನ್ನಷ್ಟೇ ನಿಗದಿಪಡಿಸುವ ವಿಧಾನಕ್ಕಿಂತ ಗಾಳಿಯ ಪ್ರಮಾಣವನ್ನು ಗುರಿಯಾಗಿಟ್ಟ ವಿಧಾನದಲ್ಲಿ ಮರಣ ಅಥವಾ ದೀರ್ಘಕಾಲೀನ ಶ್ವಾಸಕೋಶ ರೋಗದ ಸಂಭವ ಕಡಿಮೆಯೆಂದು ಕಂಡುಕೊಂಡಿತು. ಆದರೆ ಪ್ರಮಾಣವನ್ನು ಗುರಿಯಾಗಿಟ್ಟ ಯಂತ್ರ ತನ್ನದೇ ಅಳತೆಯನ್ನು ನಂಬಿ ಒತ್ತಡವನ್ನು ಏರಿಸಿ ಇಳಿಸುತ್ತದೆ. ಅಳತೆಯೇ ಸುಳ್ಳಾದರೆ ಆ ವಿಧಾನದ ಲಾಭವೂ ಕೈಬಿಟ್ಟು ಹೋಗುತ್ತದೆ.

ಇನ್ನೊಂದು ಲೆಕ್ಕವೂ ಗಮನಾರ್ಹ. ನಿಮಿಷಕ್ಕೆ 40 ಬಾರಿ ಉಸಿರು ಕೊಡುವ ಯಂತ್ರ ಒಂದು ದಿನಕ್ಕೆ 57,600 ಬಾರಿ ಕೊಡುತ್ತದೆ. ಪ್ರತಿ ಉಸಿರಿನ ಪುಟ್ಟ ದೋಷ ಅಷ್ಟು ಬಾರಿ ಪುನರಾವರ್ತನೆಯಾಗುತ್ತದೆ.

ಕಾಯ್ದೆಯ ಕೈ ಎಲ್ಲಿಯವರೆಗೆ?

ಜ್ವರ ಅಳೆಯುವ ಥರ್ಮಾಮೀಟರ್ ಹಾಗೂ ರಕ್ತದೊತ್ತಡದ ಯಂತ್ರಗಳು ಮಾಪನಶಾಸ್ತ್ರ ನಿಯಮಗಳ ವ್ಯಾಪ್ತಿಯಲ್ಲಿವೆ. 2013ರ ಸರಕಾರಿ ಅನುಮೋದಿತ ಪರೀಕ್ಷಾ ಕೇಂದ್ರಗಳ ನಿಯಮಗಳಲ್ಲಿ ಇವೆರಡರ ಹೆಸರೂ ಇದೆ. ಎಕ್ಸ್‌ರೇ ಯಂತ್ರಗಳ ಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಣಿದೆ. ವೆಂಟಿಲೇಟರುಗಳಾದರೋ 2017ರ ವೈದ್ಯಕೀಯ ಉಪಕರಣ ನಿಯಮಾವಳಿಯ ಅಡಿಯಲ್ಲಿ ಬರುತ್ತವೆ. ಹಂತಹಂತವಾಗಿ ವಿಸ್ತರಿಸಿದ ಈ ನಿಯಮಾವಳಿಯ ಪ್ರಕಾರ 2023ರ ಅಕ್ಟೋಬರ್‌ನಿಂದ ‘ಸಿ’ ಮತ್ತು ‘ಡಿ’ ವರ್ಗದ ಉಪಕರಣಗಳ ತಯಾರಿಕೆ, ಆಮದುಗಳಿಗೆ ಪರವಾನಗಿ ಕಡ್ಡಾಯವಾಗಿದೆ. ಇದು ಸ್ವಾಗತಾರ್ಹ ಕ್ರಮ. ಆದರೆ ಪರವಾನಗಿಯು ಯಂತ್ರ ಕಾರ್ಖಾನೆಯಿಂದ ಹೊರಡುವಾಗಿನ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಆಸ್ಪತ್ರೆಯಲ್ಲಿ ಐದಾರು ವರ್ಷ ದುಡಿದ ಯಂತ್ರ ಇಂದಿಗೂ ಸರಿಯಾಗಿ ಅಳೆಯುತ್ತಿದೆಯೇ ಎಂದು ಕಾಲಕಾಲಕ್ಕೆ ನೋಡುವ, ತಕ್ಕಡಿಗೆ ಇರುವಂಥ ಮುದ್ರೆಯ ಪದ್ಧತಿ ಇದಕ್ಕಿಲ್ಲ. ಆಸ್ಪತ್ರೆಗಳ ಮಾನ್ಯತೆಯ ಮಾನದಂಡಗಳು ಉಪಕರಣಗಳ ಕ್ಯಾಲಿಬ್ರೇಶನ್ ಕೇಳುತ್ತವೆ. ಸರಕಾರಿ ಆಸ್ಪತ್ರೆಗಳಿಗಾಗಿ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಉಪಕರಣ ನಿರ್ವಹಣೆಯ ಕಾರ್ಯಕ್ರಮವೂ ಆರಂಭವಾಯಿತು. ಆದರೂ ಮಾನ್ಯತೆಯೇ ಐಚ್ಛಿಕವಾಗಿರುವಲ್ಲಿ ಮುದ್ರೆಯ ಹೊಣೆ ಕೊನೆಗೆ ಆಸ್ಪತ್ರೆಯ ಆಡಳಿತದ ವಿವೇಚನೆಗೇ ಬಿಟ್ಟಂತೆ.

ಲೆಕ್ಕಪುಸ್ತಕದಲ್ಲಿ ಯಂತ್ರಕ್ಕೆ ಸವಕಳಿ ಕಳೆಯುವ ಕ್ರಮವನ್ನು ಇದರೊಡನೆ ಹೋಲಿಸಬಹುದು. 1962ರ ಆದಾಯ ತೆರಿಗೆ ನಿಯಮಾವಳಿಯು ವೆಂಟಿಲೇಟರನ್ನು ಜೀವರಕ್ಷಕ ಉಪಕರಣಗಳ ಪಟ್ಟಿಯಲ್ಲಿ ಸೇರಿಸಿ ಶೇಕಡಾ 40ರ ಸವಕಳಿಯನ್ನು ಅನುಮತಿಸಿತ್ತು. ಆ ದರದಲ್ಲಿ 10 ಲಕ್ಷ ರೂಪಾಯಿಯ ಯಂತ್ರದ ಪುಸ್ತಕ ಬೆಲೆ 5 ವರ್ಷಗಳ ನಂತರ 77,760 ರೂಪಾಯಿಗೆ ಇಳಿಯುತ್ತದೆ. ಬೆಲೆಯ ಸವಕಳಿಯನ್ನು ಪೈಸೆಯವರೆಗೆ ಬರೆದಿಡುವ ಸಂಸ್ಥೆಗಳು ನಿಖರತೆಯ ಸವಕಳಿಗೆ ಒಂದು ಪುಟವನ್ನೂ ತೆರೆಯುವುದಿಲ್ಲ ಎಂಬುದು ವಿಪರ್ಯಾಸ.

ದಾನದ ಯಂತ್ರ, ಟೆಂಡರಿನ ಯಂತ್ರ

2020 ಮತ್ತು 2021ರ ಕೋವಿಡ್ ದಿನಗಳಲ್ಲಿ ದೇಶದಾದ್ಯಂತ ವೆಂಟಿಲೇಟರ್ ಎಂಬ ಪದ ಮನೆಮಾತಾಯಿತು. ಉದ್ಯಮಿಗಳು, ಸಂಘ ಸಂಸ್ಥೆಗಳು ಧಾರಾಳವಾಗಿ ದಾನ ಮಾಡಿದರು. ಆದರೆ ಆ ದಿನಗಳ ಖರೀದಿಯೆಲ್ಲ ಮುಖ್ಯವಾಗಿ ವಯಸ್ಕ ರೋಗಿಗಳನ್ನು ಕಣ್ಣಮುಂದೆ ಇರಿಸಿಕೊಂಡದ್ದು. ಅಂಥ ಯಂತ್ರವೊಂದು ಮುಂದೆ ಮಕ್ಕಳ ವಿಭಾಗಕ್ಕೆ ಸ್ಥಳಾಂತರವಾದರೆ, ಅದು ಎಷ್ಟು ಕಡಿಮೆ ಪ್ರಮಾಣದವರೆಗೆ ನಿಖರವಾಗಿ ಅಳೆಯಬಲ್ಲದು, ಶಿಶುಗಳ ಸಂವೇದಕ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ದಾನಿಯ ಹೆಸರಿನ ಫಲಕ ಹೊಳೆಯುತ್ತಿದ್ದ ಮಾತ್ರಕ್ಕೆ ಒಳಗಿನ ಅಳತೆ ಸರಿಯಿದೆ ಎಂದಲ್ಲ.

ಟೆಂಡರುಗಳ ವಿಷಯದಲ್ಲಿ ಕನಿಷ್ಠ ದರದವರನ್ನು ಆಯ್ಕೆ ಮಾಡುವ ಪದ್ಧತಿ ಗಟ್ಟಿಯಾಗಿ ಬೇರೂರಿದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ದರ ಯಾವುದರ ದರ ಎಂಬುದನ್ನು ಟೆಂಡರ್ ಬರೆಯುವವರು ನಿರ್ಧರಿಸುತ್ತಾರೆ. ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಮೊದಲನೆಯ ಯಂತ್ರದ ಬೆಲೆ 8 ಲಕ್ಷ ರೂಪಾಯಿ. ಶಿಶು ಸಂವೇದಕಗಳಿಗೆ ವರ್ಷಕ್ಕೆ 25,000, ಕ್ಯಾಲಿಬ್ರೇಶನ್ನಿಗೆ 15,000 ಪ್ರತ್ಯೇಕ. ಎರಡನೆಯದರ ಬೆಲೆ 9.5 ಲಕ್ಷ, 5 ವರ್ಷಗಳ ಸಂವೇದಕ ಹಾಗೂ ಕ್ಯಾಲಿಬ್ರೇಶನ್ ಅದರಲ್ಲಿಯೇ ಸೇರಿದೆ. ಟೆಂಡರ್ ತೆರೆದ ದಿನ ಗೆಲ್ಲುವುದು ಮೊದಲನೆಯದು. 5 ವರ್ಷಗಳ ಲೆಕ್ಕದಲ್ಲಿ ಅದರ ಖರ್ಚು 10 ಲಕ್ಷವಾಗಿ ಎರಡನೆಯದೇ ಅಗ್ಗವೆಂದು ತಿಳಿಯುತ್ತದೆ. ಪ್ರತಿ ವರ್ಷದ ಆ 40,000 ರೂಪಾಯಿಯನ್ನು ಯಾರೂ ಖರ್ಚು ಮಾಡದಿದ್ದಲ್ಲಿ ಮಾತ್ರ ಮೊದಲನೆಯ ಯಂತ್ರ ಅಗ್ಗವಾಗಿ ಉಳಿದೀತು. ಆಗ ಆ ಉಳಿತಾಯದ ಬೆಲೆ ತೆರುವವರು ತೀವ್ರ ನಿಗಾ ಘಟಕದಲ್ಲಿ ಮಲಗಿದ ಮಕ್ಕಳು.

ಕೇಳಿಬರಬಹುದಾದ ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಅನುಭವಿ ವೈದ್ಯರು ಪರದೆಯ ಅಂಕಿಯನ್ನಷ್ಟೇ ನಂಬುವುದಿಲ್ಲ, ಮಗುವಿನ ಎದೆ ಏರಿಳಿಯುವುದನ್ನು ನೋಡುತ್ತಾರೆ, ರಕ್ತದಲ್ಲಿನ ಅನಿಲಗಳ ಪರೀಕ್ಷೆ ಮಾಡಿಸುತ್ತಾರೆ. ಇದು ನಿಜ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿದಾಗ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ರಬ್ಬರ್ ಚೀಲವನ್ನು ಕೈಯಿಂದ ಅದುಮಿ ರೋಗಿಗಳ ಉಸಿರನ್ನು ಉಳಿಸಿದರು. ಅವರ ಕೈಯಲ್ಲಿ ಯಾವ ಅಂಕಿಯೂ ಇರಲಿಲ್ಲ. ಆದರೆ ರಾತ್ರಿಯ ಪಾಳಿಯಲ್ಲಿ ಹಲವು ಹಾಸಿಗೆಗಳನ್ನು ನೋಡಿಕೊಳ್ಳಬೇಕಾದ ದಾದಿಗೆ, ಕಿರಿಯ ವೈದ್ಯನಿಗೆ ಅಂಕಿಯೇ ಆಸರೆ. ಆಸರೆಯೇ ಸುಳ್ಳಾದರೆ ಅದು ಇಲ್ಲದಿರುವುದಕ್ಕಿಂತ ಅಪಾಯಕರ.

ಎರಡನೆಯದು: ಹೊಸ ಯಂತ್ರಗಳು ಪ್ರತಿ ಬಾರಿ ಚಾಲೂ ಮಾಡಿದಾಗ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಈ ಸ್ವಯಂ ಪರೀಕ್ಷೆ ಅವಶ್ಯಕ, ಆದರೆ ಸಾಲದು. ಯಂತ್ರ ತನ್ನ ಸಂವೇದಕವನ್ನು ಬಹುಮಟ್ಟಿಗೆ ತನ್ನದೇ ಸಂವೇದಕಗಳೊಡನೆ ಹೋಲಿಸಿಕೊಳ್ಳುತ್ತದೆ. ತನ್ನ ಬಟ್ಟನ್ನು ತನ್ನ ತಕ್ಕಡಿಯಲ್ಲಿಯೇ ತೂಗಿ ಸರಿಯಿದೆ ಎಂದು ಸಾರುವ ಅಂಗಡಿಯನ್ನು ಯಾವ ಗಿರಾಕಿಯೂ ನಂಬುವುದಿಲ್ಲ. ಹೊರಗಿನ ಅನಿಲ ಹರಿವು ವಿಶ್ಲೇಷಕ ಹಾಗೂ ಶಿಶುವಿನ ಶ್ವಾಸಕೋಶವನ್ನು ಹೋಲುವ ಕೃತಕ ಶ್ವಾಸಕೋಶದ ಮೂಲಕ ಪರೀಕ್ಷಿಸಿದಾಗ ಮಾತ್ರ ಯಂತ್ರದ ನಿಜ ತಿಳಿಯುತ್ತದೆ. ಆ ವಿಶ್ಲೇಷಕವೂ ಕಾಲಕಾಲಕ್ಕೆ ರಾಷ್ಟ್ರೀಯ ಮಾಪಕಗಳವರೆಗೆ ತಾಳೆಯಾಗಿರಬೇಕು.

ಮೂರನೆಯದು ವರ್ತಕರದೇ ಆಕ್ಷೇಪ: ಮತ್ತೊಂದು ಮುದ್ರೆಯೆಂದರೆ ಮತ್ತೊಬ್ಬ ಇನ್‌ಸ್ಪೆಕ್ಟರ್, ಮತ್ತೊಂದು ಶುಲ್ಕ, ಮತ್ತೊಂದು ಕಿರುಕುಳ. ಈ ಆತಂಕ ನಿರಾಧಾರವಲ್ಲ. ಆದ್ದರಿಂದಲೇ ಇಲ್ಲಿ ಬೇಕಾದದ್ದು ಸರಕಾರಿ ಇನ್‌ಸ್ಪೆಕ್ಟರನ ಮುದ್ರೆಯಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರ. ಐಎಸ್‌ಒ 17025 ಮಾನಕದ ಪ್ರಕಾರ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್, ವೈದ್ಯಕೀಯ ಉಪಕರಣಗಳ ಕ್ಯಾಲಿಬ್ರೇಶನ್ನನ್ನೂ ತನ್ನ ವ್ಯಾಪ್ತಿಯಲ್ಲಿ ಇರಿಸಿಕೊಂಡಿದೆ. ಕೊಳ್ಳುವವರು ಕೇಳಿದರೆ ಮಾರುವವರು ಕೊಡುತ್ತಾರೆ. ಕಾಯ್ದೆಗಾಗಿ ಕಾಯಬೇಕಾಗಿಲ್ಲ.

ಕರ್ನಾಟಕದ ಅನುಭವ, ಹುಬ್ಬಳ್ಳಿಯ ಸಾಮರ್ಥ್ಯ

2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿ ವೆಚ್ಚದಲ್ಲಿ 50,000 ವೆಂಟಿಲೇಟರುಗಳ ಖರೀದಿ ನಿರ್ಧಾರವಾದಾಗ ಅವುಗಳಲ್ಲಿ 30,000 ಯಂತ್ರಗಳ ತಯಾರಿಕೆಯ ಹೊಣೆ ಬಿದ್ದದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮೇಲೆ. ವಿನ್ಯಾಸದಲ್ಲಿ ಕೈಜೋಡಿಸಿದ್ದು ಮೈಸೂರಿನ ಸ್ಕ್ಯಾನ್‌ರೇ ಟೆಕ್ನಾಲಜೀಸ್; ಬೆಂಬಲಕ್ಕೆ ನಿಂತದ್ದು ರಕ್ಷಣಾ ಸಂಶೋಧನಾ ಸಂಸ್ಥೆ. ಆಗ ಎದುರಾದ ದೊಡ್ಡ ತೊಡಕು ಯಂತ್ರದ ಪೆಟ್ಟಿಗೆಯದಲ್ಲ, ಒಳಗಿನ ಸಣ್ಣ ಭಾಗಗಳದು. ಹರಿವನ್ನು ಹಂತಹಂತವಾಗಿ ನಿಯಂತ್ರಿಸುವ ಪುಟ್ಟ ಕವಾಟಗಳು, ಹರಿವು ಸಂವೇದಕಗಳು ಹೊರದೇಶಗಳಿಂದ ಬರಬೇಕಾಗಿದ್ದವು. ಅವನ್ನು ದೇಶೀಯವಾಗಿ ತಯಾರಿಸುವ ಪ್ರಯತ್ನ ಆ ಕೆಲವೇ ತಿಂಗಳುಗಳಲ್ಲಿ ನಡೆಯಿತು.

ಇಲ್ಲಿಯೇ ಹುಬ್ಬಳ್ಳಿಯ ಮಾತು ಬರುತ್ತದೆ. ವೆಂಟಿಲೇಟರಿನ ಹೃದಯ ಕವಾಟ. ಕೈಗಾರಿಕಾ ಕವಾಟಗಳ ತಯಾರಿಕೆಗೆ ಹುಬ್ಬಳ್ಳಿ ದೇಶದಲ್ಲಿ ಹೆಸರಾದ ಊರು. ಬಿಡಿಕೆ, ಮೈಕ್ರೋಫಿನಿಶ್ ಮೊದಲಾದ ಹೆಸರುಗಳು ಈ ಕ್ಷೇತ್ರದಲ್ಲಿ ಪರಿಚಿತ. ಗೋಕುಲ ರಸ್ತೆ, ತಾರಿಹಾಳಗಳ ಯಂತ್ರಾಗಾರಗಳಲ್ಲಿ ಕವಾಟದ ಸೋರಿಕೆ ಪರೀಕ್ಷೆ ದಿನನಿತ್ಯದ ಕೆಲಸ. ಎಪಿಐ 598 ಮಾನಕದಂತೆ ಒತ್ತಡಕ್ಕೆ ಒಡ್ಡಿ, ಸೋರಿಕೆ ನೋಡಿ, ಪರೀಕ್ಷಾ ಪ್ರಮಾಣಪತ್ರ ಜೊತೆಗಿಡದೆ ಕವಾಟವನ್ನು ತೈಲ ಸಂಸ್ಕರಣಾಗಾರಕ್ಕೆ ಕಳಿಸಿದರೆ ಗಿರಾಕಿ ಅದನ್ನು ಹಿಂದಕ್ಕೆ ಕಳಿಸುತ್ತಾನೆ. ಆಳೆತ್ತರದ ಕವಾಟಕ್ಕೂ ಬೆರಳುಗಾತ್ರದ ಕವಾಟಕ್ಕೂ ತಂತ್ರಜ್ಞಾನದಲ್ಲಿ ಅಜಗಜಾಂತರವಿದೆ, ನಿಜ. ಒಂದರ ಅನುಭವ ನೇರವಾಗಿ ಇನ್ನೊಂದಕ್ಕೆ ವರ್ಗವಾಗುವುದಿಲ್ಲ. ವೈದ್ಯಕೀಯ ಉಪಕರಣಗಳಿಗೆ ಐಎಸ್‌ಒ 13485 ಎಂಬ ಪ್ರತ್ಯೇಕ ಗುಣಮಟ್ಟ ವ್ಯವಸ್ಥೆಯೂ ಬೇಕು. ಆದರೆ ಪರೀಕ್ಷೆಯಿಲ್ಲದೆ ಮಾಲು ಹೊರಡಬಾರದೆಂಬ ಶಿಸ್ತು ಈ ಊರಿನ ಕೈಗಾರಿಕೆಗೆ ಮೈಗೂಡಿದೆ. ಜೊತೆಗೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜು, 2016ರಲ್ಲಿ ಆರಂಭವಾದ ಐಐಟಿ, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಎರಡು ದೊಡ್ಡ ವೈದ್ಯಕೀಯ ಕಾಲೇಜುಗಳು ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ಕೊರತೆಯಿರುವುದು ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವವರದು.

ತೆರಿಗೆಯ ತೊಡಕು

2021ರ ಜೂನ್‌ನಲ್ಲಿ ವೆಂಟಿಲೇಟರುಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ತಾತ್ಕಾಲಿಕವಾಗಿ ಇಳಿಸಲಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ರ ದರವೇ ಜಾರಿಯಲ್ಲಿದೆ. ಯಂತ್ರ ಅಗ್ಗವಾಯಿತು, ಒಳ್ಳೆಯದೇ. ಆದರೆ ಕ್ಯಾಲಿಬ್ರೇಶನ್ ಸೇವೆಯ ಮೇಲಿನ ತೆರಿಗೆ ಶೇಕಡಾ 18. ತೀವ್ರ ನಿಗಾ ಘಟಕದ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಆಸ್ಪತ್ರೆ ತಾನು ತೆತ್ತ ಈ ತೆರಿಗೆಯನ್ನು ಹೊಂದಿಸಿಕೊಳ್ಳಲಾಗದು. ಅದು ನೇರ ಖರ್ಚಾಗುತ್ತದೆ. ತಯಾರಕರ ಪಾಡೂ ಸುಲಭವಲ್ಲ. ಮಾರಾಟದ ಮೇಲೆ ಕಡಿಮೆ, ಖರೀದಿಯ ಮೇಲೆ ಹೆಚ್ಚು ತೆರಿಗೆಯಿರುವಾಗ ಉಳಿಯುವ ಹೂಡುವಳಿ ತೆರಿಗೆಯ ಮರುಪಾವತಿ ಸರಕುಗಳಿಗೆ ದೊರೆಯುತ್ತದೆ, ಸೇವೆಗಳಿಗೆ ದೊರೆಯುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅಂದರೆ ಯಂತ್ರ ಕೊಳ್ಳುವುದಕ್ಕೆ ತೆರಿಗೆ ನೀತಿ ಪ್ರೋತ್ಸಾಹ ಕೊಡುತ್ತದೆ, ಅದರ ಅಳತೆಯನ್ನು ಸರಿಯಾಗಿ ಇಟ್ಟುಕೊಳ್ಳುವುದಕ್ಕೆ ದಂಡ ವಿಧಿಸಿದಂತಾಗುತ್ತದೆ. ಜೀವರಕ್ಷಕ ಉಪಕರಣಗಳ ಕ್ಯಾಲಿಬ್ರೇಶನ್ ಸೇವೆಯನ್ನೂ ಶೇಕಡಾ 5ರ ದರಕ್ಕೆ ತರಬೇಕೆಂದು ವಾಣಿಜ್ಯೋದ್ಯಮ ಸಂಸ್ಥೆಗಳು ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ಸೂಕ್ತ.

ಆಗಬೇಕಾದ ಕಾರ್ಯ

ಮೊದಲನೆಯದಾಗಿ, ದಾನಿಗಳು ಮತ್ತು ಧರ್ಮದರ್ಶಿಗಳು ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಳ್ಳಬೇಕು. ಈ ಯಂತ್ರ ಎಷ್ಟು ಕಡಿಮೆ ಪ್ರಮಾಣದವರೆಗೆ, ಎಷ್ಟು ಮಿಲಿಲೀಟರ್ ದೋಷದೊಳಗೆ ಅಳೆಯುತ್ತದೆ? ನಳಿಕೆಯ ತುದಿಯ ಶಿಶು ಸಂವೇದಕ ಇದೆಯೇ, 5 ವರ್ಷಗಳ ಸಂವೇದಕಗಳ ಖರ್ಚನ್ನು ಯಾರು ಭರಿಸುತ್ತಾರೆ? ಕೊನೆಯ ಕ್ಯಾಲಿಬ್ರೇಶನ್ ಪ್ರಮಾಣಪತ್ರದ ದಿನಾಂಕ ಯಾವುದು? ಒಂದು ಯಂತ್ರದ ದಾನದೊಡನೆ 5 ವರ್ಷಗಳ ಕ್ಯಾಲಿಬ್ರೇಶನ್ನಿನ ಮೊತ್ತವನ್ನೂ ಠೇವಣಿಯಾಗಿ ಕೊಟ್ಟರೆ ಆ ದಾನ ಪೂರ್ಣವಾಗುತ್ತದೆ.

ಎರಡನೆಯದಾಗಿ, ಟೆಂಡರ್ ಬರೆಯುವವರು ಯಂತ್ರದ ಬೆಲೆಯ ಬದಲು 5ರಿಂದ 8 ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಬೇಕು. ಮಕ್ಕಳ ವಿಭಾಗದ ಯಂತ್ರಗಳಿಗೆ ಮಿಲಿಲೀಟರಿನ ಮಿತಿಯನ್ನು ಷರತ್ತಾಗಿ ನಮೂದಿಸಬೇಕು.

ಮೂರನೆಯದಾಗಿ, ಹುಬ್ಬಳ್ಳಿ-ಧಾರವಾಡದಲ್ಲಿಯೇ ವೈದ್ಯಕೀಯ ಉಪಕರಣಗಳ ಸುಸಜ್ಜಿತ ಕ್ಯಾಲಿಬ್ರೇಶನ್ ಕೇಂದ್ರವೊಂದು ಗಟ್ಟಿಯಾಗಿ ನೆಲೆಗೊಳ್ಳಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಕೇಂದ್ರ ಸರಕಾರದ ನೆರವು ದೊರೆಯುತ್ತದೆ. ಇಂಥ ಕೇಂದ್ರ ಸುತ್ತಲಿನ ಏಳೆಂಟು ಜಿಲ್ಲೆಗಳ ಆಸ್ಪತ್ರೆಗಳಿಗೆ ಸೇವೆ ಕೊಡಬಲ್ಲದು; ಇನ್‌ಸ್ಟ್ರುಮೆಂಟೇಶನ್ ಓದಿದ ಸ್ಥಳೀಯ ಯುವಕ ಯುವತಿಯರಿಗೆ ಉದ್ಯೋಗ ಒದಗಿಸಬಲ್ಲದು; ವೈದ್ಯಕೀಯ ಬಿಡಿಭಾಗಗಳ ತಯಾರಿಕೆಗೆ ಇಳಿಯಬೇಕೆನ್ನುವ ಸಣ್ಣ ಉದ್ಯಮಿಗೆ ತನ್ನ ಮಾಲನ್ನು ಪರೀಕ್ಷಿಸಿಕೊಳ್ಳುವ ಸ್ಥಳವೂ ಆಗಬಲ್ಲದು. ವಾಣಿಜ್ಯೋದ್ಯಮ ಸಂಸ್ಥೆ ಇದರಲ್ಲಿ ಮುಂದಾಳತ್ವ ವಹಿಸಿದರೆ ವಿದ್ಯಾಸಂಸ್ಥೆಗಳೂ ಆಸ್ಪತ್ರೆಗಳೂ ಜೊತೆಗೂಡಲು ಹಿಂಜರಿಯಲಾರವು.

ತಕ್ಕಡಿಯಲ್ಲಿ ಒಂದು ಗುಲಗಂಜಿ ಹೆಚ್ಚುಕಡಿಮೆಯಾದರೆ ಗಿರಾಕಿ ಅಂಗಡಿಗೆ ಮರಳಿ ಬಂದು ಕೇಳುತ್ತಾನೆ. ತೀವ್ರ ನಿಗಾ ಘಟಕದ ಮಗುವಿಗೆ ಕೇಳುವ ಬಾಯಿಯಿಲ್ಲ; ಹೊರಗೆ ಬೆಂಚಿನ ಮೇಲೆ ಕುಳಿತ ತಂದೆತಾಯಿಗೆ ಪರದೆಯ ಅಂಕಿಯನ್ನು ಪ್ರಶ್ನಿಸಬಹುದೆಂಬುದೇ ತಿಳಿದಿರುವುದಿಲ್ಲ. ಅವರ ಪರವಾಗಿ ಕೇಳುವ ಹೊಣೆ, ತೂಕ ಅಳತೆಯಲ್ಲಿ ತಲೆಮಾರುಗಳಿಂದ ಪಳಗಿದ ವರ್ತಕರದು ಮತ್ತು ತಯಾರಕರದು.